ಸಿಪಾಯಿಯ ಸ್ವವಿವರ

ಸೈನ್ಯಕ್ಕೆ ಸೇರುವ ಹುಡುಗನನ್ನು ಊರು ಹಾರ ಹಾಕಿ ಕಳುಹಿಸುತ್ತದೆ. ಸೇವೆ ಮುಗಿಸಿ ಬಂದವನನ್ನೂ ಹಾರ ಹಾಕಿಯೇ ಎದುರುಗೊಳ್ಳುತ್ತದೆ. ಹಾರ ಬಾಡುವುದಕ್ಕೆ ಎರಡು ದಿನ ಸಾಕು. ಮೂರನೆಯ ದಿನ ಬೆಳಗಿನ ಕಾಫಿಯ ಹೊತ್ತಿಗೆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ‘ಇನ್ನು ಮುಂದೇನು?’

ನಿವೃತ್ತಿ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಅರವತ್ತರ ವಯಸ್ಸು, ಕೈಯಲ್ಲೊಂದು ಊರುಗೋಲು, ಸಂಜೆಯ ಪಾರ್ಕಿನ ಕಲ್ಲುಬೆಂಚು. ಸೈನಿಕನ ನಿವೃತ್ತಿ ಅಂಥದಲ್ಲ. ಸೇನೆ ಸದಾ ತರುಣವಾಗಿರಬೇಕೆಂಬ ಕಾರಣದಿಂದ ಅಲ್ಲಿ ಕೆಳಗಿನ ಶ್ರೇಣಿಗಳವರನ್ನು ಬೇಗನೆ ಬೀಳ್ಕೊಡುವರು. ನಮ್ಮ ಮೂರು ಸೇನೆಗಳಿಂದ ಪ್ರತಿ ವರ್ಷ ಹೀಗೆ ಹೊರಬರುವವರು ಸುಮಾರು 60,000 ಮಂದಿ. ಅವರಲ್ಲಿ ಬಹುಪಾಲಿನವರದು 35ರಿಂದ 45ರೊಳಗಿನ ವಯಸ್ಸು: ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿರುವ, ಮನೆಯ ಸಾಲ ಇನ್ನೂ ತೀರದಿರುವ ವಯಸ್ಸು. 15 ವರ್ಷದ ಸೇವೆ ತುಂಬಿದ್ದರೆ ಪಿಂಚಣಿ ಬರುವುದೇನೋ ನಿಜ. ಆದರೆ 2022ರ ಜೂನ್ ತಿಂಗಳಿನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇರಿದವರಿಗೆ ಆ ಆಸರೆಯೂ ಇಲ್ಲ. ಅವರ ಸೇವಾವಧಿ ನಾಲ್ಕೇ ವರ್ಷ. ಯೋಜನೆಯನ್ನು ಸಾರಿದಾಗ ಹೇಳಿದಂತೆ ಒಂದೊಂದು ತಂಡದಲ್ಲಿಯೂ ಖಾಯಂ ಆಗಿ ಉಳಿಯುವವರು ಶೇಕಡ 25ರವರೆಗೆ. ಮಿಕ್ಕವರು ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿಯನ್ನು ಪಡೆದು, ಇಪ್ಪತ್ತೈದರ ಆಸುಪಾಸಿನಲ್ಲಿ ಊರಿಗೆ ಮರಳತಕ್ಕವರು. ಇವರೆಲ್ಲರೂ ಎರಡನೆಯ ಬಾಳನ್ನು ಒಂದು ಕಾಗದದಿಂದ ಆರಂಭಿಸಬೇಕಾಗಿದೆ. ಬಯೋಡೇಟಾ ಎನ್ನಿ, ರೆಸ್ಯೂಮೆ ಎನ್ನಿ, ಸ್ವವಿವರ ಎನ್ನಿ, ಆ ಕಾಗದದ ಮಾತೇ ಈ ವಾರದ ವಿಷಯ.

ಕನ್ನಡ ಪಾಠ ಹೇಳುವವನಿಗೂ ಉದ್ಯೋಗದ ಅರ್ಜಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟು ಇದೆ. ಕಾಗುಣಿತ ತಿದ್ದಿಕೊಡಿ ಎಂದು ಇಂಥ ಕಾಗದಗಳನ್ನು ಭಾಷೆಯ ಮೇಷ್ಟರ ಬಳಿಗೇ ತರುವುದು ವಾಡಿಕೆ. ಅವನ್ನು ಓದುತ್ತ ಹೋದರೆ ಒಂದು ಸಂಗತಿ ಮನಸ್ಸಿಗೆ ಬರುತ್ತದೆ. ಬರೆದವರಲ್ಲಿ ಯೋಗ್ಯತೆಗೆ ಕೊರತೆಯಿಲ್ಲ. ಅದು ಓದುವವನಿಗೆ ತಿಳಿಯದ ಭಾಷೆಯಲ್ಲಿದೆ, ಅಷ್ಟೆ. ದಂಡಿನ ಭಾಷೆ ಬೇರೆ, ಪೇಟೆಯ ಭಾಷೆ ಬೇರೆ. ಸೈನಿಕನ ಸ್ವವಿವರವೆಂದರೆ ಮೊದಲನೆಯದರಿಂದ ಎರಡನೆಯದಕ್ಕೆ ಮಾಡುವ ಒಂದು ಅನುವಾದ. ಆ ಅನುವಾದ ಕೆಟ್ಟರೆ ಹದಿನೇಳು ವರ್ಷದ ದುಡಿಮೆ ಒಂದು ನಿಮಿಷದಲ್ಲಿ ಕಸದ ಬುಟ್ಟಿಗೆ ಬೀಳುತ್ತದೆ.

‘ಜವಾನ’ ಎಂಬ ಮಾತನ್ನೇ ನೋಡಿ. ದಂಡಿನಲ್ಲಿ ಜವಾನನೆಂದರೆ ಯೋಧ. ನಮ್ಮ ಕನ್ನಡನಾಡಿನ ಕಚೇರಿಗಳಲ್ಲಿ ಜವಾನನೆಂದರೆ ಫೈಲು ಹೊತ್ತು ತರುವವನು. ‘ಕಂಪೆನಿ’ ಎಂದರೆ ಪೇಟೆಯವರಿಗೆ ವ್ಯಾಪಾರದ ಸಂಸ್ಥೆ. ಸೈನಿಕನಿಗೆ ಸುಮಾರು 120 ಮಂದಿಯ ಒಂದು ತುಕಡಿ. ‘ಟ್ರೇಡ್’ ಎಂದರೆ ಇಲ್ಲಿ ವ್ಯಾಪಾರ, ಅಲ್ಲಿ ಒಬ್ಬೊಬ್ಬನ ಕಸಬು. ‘ಎಕ್ಸರ್‌ಸೈಜ್’ ಎಂದರೆ ಇಲ್ಲಿ ಬೆಳಗಿನ ಸಾಮು, ಅಲ್ಲಿ ದಿನಗಟ್ಟಲೆ ನಡೆಯುವ ಯುದ್ಧಾಭ್ಯಾಸ. ಒಂದೇ ಪದ ಕಂಟೋನ್ಮೆಂಟಿನ ಗೇಟು ದಾಟಿದೊಡನೆ ಬೇರೆ ಅರ್ಥವನ್ನು ತೊಡುತ್ತದೆ. ‘ಕಂಪೆನಿಯ ಉಗ್ರಾಣ ನೋಡಿಕೊಂಡೆ’ ಎಂದು ಬರೆದವನನ್ನು ‘ಯಾವ ಕಂಪೆನಿ?’ ಎಂದು ಸಂದರ್ಶನದಲ್ಲಿ ಕೇಳಿದರೆ ಅದರಲ್ಲಿ ಆಶ್ಚರ್ಯವೇನು?

ಹೀಗಾಗಿ ಮೊದಲನೆಯ ತಪ್ಪು ಅನುವಾದವನ್ನೇ ಮಾಡದಿರುವುದು. ಹವಾಲ್ದಾರನು ದೊಡ್ಡವನೋ ಸುಬೇದಾರನು ದೊಡ್ಡವನೋ ಎಂಬುದು ಅರ್ಜಿ ನೋಡುವ ಮೇನೇಜರಿಗೆ ತಿಳಿದಿರಬೇಕೆಂಬ ನಿಯಮವಿಲ್ಲ. ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂಬ ಮೆಟ್ಟಿಲುಗಳನ್ನು ಹತ್ತಿದವನಿಗೆ ಒಂದೊಂದು ಮೆಟ್ಟಿಲಿನ ಎತ್ತರವೂ ಗೊತ್ತು; ಕೆಳಗೆ ನಿಂತು ನೋಡುವವನಿಗೆ ಗೊತ್ತಿಲ್ಲ. ‘ಹವಾಲ್ದಾರ್’ ಎಂಬ ಹೆಸರನ್ನು ಬಿಡಬೇಕಾಗಿಲ್ಲ. ಅದು ದುಡಿದು ಗಳಿಸಿದ ಗೌರವ. ಅದರ ಪಕ್ಕದಲ್ಲಿ ‘ಹತ್ತು ಮಂದಿಯ ತಂಡದ ಮುಖ್ಯಸ್ಥ’ ಎಂಬ ವಿವರಣೆಯನ್ನು ಸೇರಿಸಿದರೆ ಸಾಕು. ಸಿ.ಕ್ಯು.ಎಂ.ಎಚ್., ಎನ್.ಸಿ.ಒ., ಜೆ.ಸಿ.ಒ., ಎಂ.ಟಿ. ಎಂಬ ಅಕ್ಷರಗಳ ಸರಮಾಲೆಯನ್ನಂತೂ ಬಿಡಿಸಿಯೇ ಬರೆಯಬೇಕು. ಇಂದು ಅನೇಕ ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಯನ್ನು ಮೊದಲು ಜರಡಿ ಹಿಡಿಯುವುದು ಗಣಕಯಂತ್ರ. ಜಾಹೀರಾತಿನಲ್ಲಿರುವ ಮಾತುಗಳು ಅರ್ಜಿಯಲ್ಲಿವೆಯೇ ಎಂದು ಅದು ಹುಡುಕುತ್ತದೆ. ಜಾಹೀರಾತು ‘ದಾಸ್ತಾನು ನಿರ್ವಹಣೆ’ ಎಂದು ಕೇಳಿ, ಅರ್ಜಿ ‘ಸಿ.ಕ್ಯು.ಎಂ.ಎಚ್.’ ಎಂದು ಹೇಳಿದರೆ ಎರಡೂ ಒಂದೇ ಎಂಬುದು ಯಂತ್ರಕ್ಕೆ ಹೊಳೆಯದೆ ಹೋಗಬಹುದು.

ಎರಡನೆಯ ತಪ್ಪನ್ನು ವಿವರಿಸುವುದಕ್ಕೆ ನಮ್ಮ ಹಳೆಯ ಶಾಸನಗಳ ನೆರವನ್ನು ಪಡೆಯುತ್ತೇನೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಒಂದು ಕಲ್ಲಿದೆ. ಕಾಲ ಶಕವರ್ಷ 872, ಎಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧ ಅದರ ಹಿನ್ನೆಲೆ. ಗಂಗರ ಬೂತುಗನ ಪರವಾಗಿ ಕಾದಿದ ಮಣಲೇರನೆಂಬ ವೀರನು, ಮೆಚ್ಚಿದ ಒಡೆಯನು ‘ಏನು ಬೇಕು?’ ಎಂದಾಗ, ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗಾಗಿ ಕಲ್ಲು ನಿಂತಿತು, ಭೂಮಿಯ ದತ್ತಿಯೂ ಆಯಿತು. ಈ ಶಾಸನದಲ್ಲಿ ದೊರೆಗಳ ಬಿರುದುಗಳೂ ಇವೆ. ಅವನ್ನು ಪರೀಕ್ಷೆಗೆ ಓದಿದ ನಮ್ಮ ವಿದ್ಯಾರ್ಥಿಗಳೂ ಮರೆಯುತ್ತಾರೆ. ಕಾಳಿಯ ಕತೆಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಹೆಸರು, ಜಾಗ, ಮಾಡಿದ ಕೆಲಸ, ಅದರ ಫಲ, ಇಷ್ಟೇ ಅಲ್ಲಿರುವುದು, ಇಷ್ಟೇ ಸಾಕು.

ಸ್ವವಿವರವನ್ನು ಬರೆಯುವುದಕ್ಕೂ ಇವೇ ಎರಡು ದಾರಿಗಳು: ಒಂದು ಬಿರುದಾವಳಿ, ಇನ್ನೊಂದು ವೀರಗಲ್ಲು. ‘ಶಿಸ್ತಿನ ಸಿಪಾಯಿ, ಕಠಿಣ ಪರಿಶ್ರಮಿ, ನಿಷ್ಠಾವಂತ, ನಾಯಕತ್ವದ ಗುಣವುಳ್ಳವನು, ಸವಾಲುಗಳನ್ನು ಎದುರಿಸಬಲ್ಲವನು’, ಇದು ಬಿರುದಾವಳಿ. ಇದೆಲ್ಲವೂ ನಿಜವೇ ಇರಬಹುದು. ಆದರೆ ಸೈನ್ಯಕ್ಕೆ ಹೋಗದ ಹತ್ತು ಮಂದಿಯೂ ತಮ್ಮ ಅರ್ಜಿಗಳಲ್ಲಿ ಇದೇ ಬಿರುದುಗಳನ್ನು ಹೊತ್ತುಕೊಂಡಿರುತ್ತಾರೆ. ಅಂಗಡಿಯವರು ನೂರು ರೂಪಾಯಿಗೆ ಬರೆದುಕೊಡುವ ನಮೂನೆಗಳಲ್ಲಿ ಇವೇ ಇರುತ್ತವೆ. ಈಗ ಕೇಳಿದೊಡನೆ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳೂ, ನಾವು ವಿವರ ಕೊಡದಿದ್ದರೆ, ಇವನ್ನೇ ಪೋಣಿಸಿ ಕೊಡುತ್ತವೆ. ವಿಶೇಷಣವನ್ನು ಯಾರು ಬೇಕಾದರೂ ಎರವಲು ತರಬಹುದು. ಮಾಡಿದ ಕೆಲಸ ಮಾತ್ರ ಮಾಡಿದವನದೇ.

ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಒಬ್ಬ ಹವಾಲ್ದಾರರು ತಮ್ಮ ತುಕಡಿಯ ಉಗ್ರಾಣವನ್ನು ನಾಲ್ಕು ವರ್ಷ ನೋಡಿಕೊಂಡಿದ್ದಾರೆ ಎನ್ನಿ. ಅವರ ಕಾಗದದಲ್ಲಿರುವ ಸಾಲು ಇದು: ‘ಸಿ.ಕ್ಯು.ಎಂ.ಎಚ್. ಆಗಿ ನಾಲ್ಕು ವರ್ಷ ಸೇವೆ ಸಲ್ಲಿಸಿದೆ. ಕಂಪೆನಿಯ ಎಲ್ಲ ಜವಾಬ್ದಾರಿಗಳನ್ನು ನಿಷ್ಠೆಯಿಂದ ನಿರ್ವಹಿಸಿದೆ.’ ಇದನ್ನು ಓದಿದ ಮೇನೇಜರಿಗೆ ಏನು ತಿಳಿಯಿತು? ಏನೂ ಇಲ್ಲ. ಈಗ ಅದನ್ನೇ ವೀರಗಲ್ಲಿನ ರೀತಿಯಲ್ಲಿ ಬರೆಯೋಣ: ‘ಸುಮಾರು 120 ಮಂದಿಗೆ ಬೇಕಾದ ಪಡಿತರ, ಬಟ್ಟೆಬರೆ, ಹಾಸಿಗೆ, ಉಪಕರಣಗಳ ಉಗ್ರಾಣವನ್ನು ನಾಲ್ಕು ವರ್ಷ ನಡೆಸಿದೆ. ಬೇಡಿಕೆ ಸಲ್ಲಿಸುವುದು, ಬಂದ ಸಾಮಾನನ್ನು ಎಣಿಸಿ ತೆಗೆದುಕೊಳ್ಳುವುದು, ಹಂಚುವುದು, ಲೆಕ್ಕದ ಪುಸ್ತಕ ಬರೆಯುವುದು ನನ್ನ ಹೊಣೆಯಾಗಿತ್ತು. ನನ್ನ ಕೈಕೆಳಗೆ ಮೂವರು ಸಹಾಯಕರಿದ್ದರು. ನಾಲ್ಕು ವರ್ಷದ ತಪಾಸಣೆಗಳಲ್ಲಿಯೂ ದಾಸ್ತಾನಿನಲ್ಲಿ ಕೊರತೆ ಕಂಡುಬರಲಿಲ್ಲ.’ ಇಲ್ಲಿ ಒಂದೂ ಬಿರುದಿಲ್ಲ. ಆದರೆ ಈ ಮನುಷ್ಯ ಪ್ರಾಮಾಣಿಕ, ಲೆಕ್ಕ ಬಲ್ಲವನು, ಆಳುಗಳನ್ನು ನಡೆಸಬಲ್ಲವನು ಎಂಬುದನ್ನು ಓದುವವನು ತಾನಾಗಿಯೇ ಕಂಡುಕೊಳ್ಳುತ್ತಾನೆ. ಒಂದು ಗೋದಾಮಿಗೋ ಆಸ್ಪತ್ರೆಯ ಉಗ್ರಾಣಕ್ಕೋ ಬೇಕಾದ ಮನುಷ್ಯ ಇವನೇ ಎಂದು ಅವನಿಗೆ ಹೊಳೆಯುತ್ತದೆ.

ಅಂಕಿಗಳ ಬೆಲೆ ಇದರಿಂದ ತಿಳಿದೀತು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಪಳಗಿದ ಸ್ಯಾಪರ್ ಎಷ್ಟು ಮಂದಿಯನ್ನು ಕಟ್ಟಿಕೊಂಡು ಎಷ್ಟು ದಿನದಲ್ಲಿ ಸೇತುವೆ ಜೋಡಿಸಿದ, ವಾಹನಗಳ ವರ್ಕ್‌ಷಾಪಿನಲ್ಲಿದ್ದವನು ತಿಂಗಳಿಗೆ ಎಷ್ಟು ಎಂಜಿನ್ ರಿಪೇರಿ ಮಾಡಿದ, ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ಕವಾಯತು ಕಲಿಸಿದವನು ಎಷ್ಟು ಹೊಸಬರನ್ನು ತರಬೇತುಗೊಳಿಸಿದ, ಇವೆಲ್ಲ ಪೇಟೆಗೆ ಅರ್ಥವಾಗುವ ಮಾತುಗಳು. ಆದರೆ ಒಂದು ಎಚ್ಚರಿಕೆ. ಅಂಕಿ ನಿಜವಾಗಿರಬೇಕು. ಕೈಗೆ ಕೊಟ್ಟು ಕಳುಹಿಸಿದ ಡಿಸ್ಚಾರ್ಜ್ ಪುಸ್ತಕದಲ್ಲಿ ಸೇವೆಯ ಅವಧಿ, ಕಸಬು, ನಡತೆಯ ಷರಾ ಎಲ್ಲವೂ ದಾಖಲಾಗಿರುತ್ತವೆ. ಕಾಗದಕ್ಕೂ ಅದಕ್ಕೂ ತಾಳೆಯಾಗದಿದ್ದರೆ ಕೆಲಸದ ಜೊತೆಗೆ ಮಾನವೂ ಹೋಗುತ್ತದೆ.

ಮೂರನೆಯ ತಪ್ಪು ಒಂದು ಸದ್ಗುಣದಿಂದ ಹುಟ್ಟಿದ್ದು. ಸೈನ್ಯದಲ್ಲಿ ‘ನಾನು’ ಎಂಬ ಮಾತಿಗೆ ಸ್ಥಳ ಕಡಿಮೆ. ಗೆದ್ದರೆ ಪಲ್ಟನ್ನು ಗೆದ್ದಿತು. ತನ್ನನ್ನು ತಾನು ಹೊಗಳಿಕೊಳ್ಳುವುದನ್ನು ಅಲ್ಲಿ ಯಾರೂ ಮೆಚ್ಚುವುದಿಲ್ಲ. ಈ ಸಂಸ್ಕಾರದಲ್ಲಿ ಬೆಳೆದವನು ಸ್ವವಿವರಕ್ಕೆ ಕುಳಿತಾಗ ಲೇಖನಿ ನಿಂತುಬಿಡುತ್ತದೆ. ‘ನಮ್ಮ ಯೂನಿಟ್ಟು ಪ್ರವಾಹದಲ್ಲಿ ಜನರನ್ನು ರಕ್ಷಿಸಿತು’ ಎಂದು ಬರೆದು ಮುಗಿಸುತ್ತಾನೆ. ಹಿಂದಿನ ಕಾಲದಲ್ಲಿ ವೀರನ ಕತೆಯನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದವರು ಬೇರೆಯವರು. ಸ್ವವಿವರವನ್ನಾದರೋ ತಾನೇ ಬರೆದುಕೊಳ್ಳಬೇಕು. ಈ ಸಂಕೋಚ ಸಹಜ. ಆದರೆ ಪ್ರವಾಹದಲ್ಲಿ ದೋಣಿ ನಡೆಸಿದವನು ತಾನೋ, ದಡದಲ್ಲಿ ಅಡಿಗೆ ಮಾಡಿಸಿದವನು ತಾನೋ, ವೈರ್‌ಲೆಸ್ಸಿನ ಮುಂದೆ ಕುಳಿತವನು ತಾನೋ ಎಂದು ಹೇಳುವುದು ಆತ್ಮಸ್ತುತಿಯಲ್ಲ. ಅದು ವರದಿ. ಸೈನಿಕನಿಗೆ ವರದಿ ಒಪ್ಪಿಸುವುದು ಗೊತ್ತು. ‘ಹೊಗಳಿಕೊಳ್ಳುತ್ತಿದ್ದೇನೆ’ ಎಂಬ ಭಾವವನ್ನು ಬಿಟ್ಟು ‘ವರದಿ ಒಪ್ಪಿಸುತ್ತಿದ್ದೇನೆ’ ಎಂದು ಭಾವಿಸಿಕೊಂಡರೆ ಕೈ ಸರಾಗವಾಗಿ ಓಡುತ್ತದೆ.

ನಾಲ್ಕನೆಯದು, ಎಲ್ಲವನ್ನೂ ತುಂಬುವುದು. ಇಪ್ಪತ್ತು ವರ್ಷದ ಎಲ್ಲ ವರ್ಗಾವಣೆಗಳು, ಎಲ್ಲ ಕೋರ್ಸುಗಳು, ಬಳಸಿದ ಎಲ್ಲ ಆಯುಧಗಳು ಸೇರಿ ಐದು ಪುಟವಾಗುತ್ತದೆ. ಗೋದಾಮಿನ ಕೆಲಸಕ್ಕೆ ಬಂದೂಕಿನ ಹೆಸರು ಬೇಡ. ಅಷ್ಟೇ ಅಲ್ಲ, ತುಕಡಿ ಎಲ್ಲಿತ್ತು, ಯಾವ ಉಪಕರಣವಿತ್ತು, ಯಾವ ಕಾರ್ಯಾಚರಣೆ ಹೇಗೆ ನಡೆಯಿತು ಎಂಬ ಸಂಗತಿಗಳಲ್ಲಿ ಹಲವು ಹೊರಗೆ ಹೇಳತಕ್ಕವಲ್ಲ. 1923ರ ಅಧಿಕೃತ ರಹಸ್ಯಗಳ ಕಾಯಿದೆ ಸಮವಸ್ತ್ರ ಕಳಚಿದವನನ್ನೂ ಕಟ್ಟುತ್ತದೆ. ‘ಉತ್ತರದ ಗಡಿಪ್ರದೇಶದಲ್ಲಿ’ ಎಂದರೆ ಸಾಕಾಗುವ ಕಡೆ ಊರಿನ ಹೆಸರೇಕೆ? ಎರಡು ಪುಟ ಮೀರದಂತೆ, ಇತ್ತೀಚಿನದು ಮೊದಲು ಬರುವಂತೆ, ಬೇಡುವ ಹುದ್ದೆಗೆ ಹೊಂದುವುದನ್ನು ಮಾತ್ರ ಬರೆಯುವುದು ಲೇಸು. ಹುದ್ದೆ ಬದಲಾದರೆ ಕಾಗದವೂ ಬದಲಾಗಬೇಕು. ಒಂದೇ ಪ್ರತಿಯನ್ನು ಐವತ್ತು ಕಡೆಗೆ ಕಳುಹಿಸುವುದು ಒಂದೇ ಅಳತೆಯ ಬೂಟನ್ನು ಇಡೀ ಪಲ್ಟನ್ನಿಗೆ ಹಂಚಿದಂತೆ.

ಇಲ್ಲಿ ಸರ್ಕಾರಿ ಅರ್ಜಿಗೂ ಖಾಸಗಿ ಸಂಸ್ಥೆಯ ಸ್ವವಿವರಕ್ಕೂ ಇರುವ ವ್ಯತ್ಯಾಸವನ್ನು ಹೇಳಬೇಕು. ಎರಡನ್ನೂ ಬೆರಸುವುದು ಐದನೆಯ ತಪ್ಪು. ಕೇಂದ್ರ ಸರ್ಕಾರದ ‘ಸಿ’ ವರ್ಗದ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇಕಡ 10, ಕೇಂದ್ರದ ಸಾರ್ವಜನಿಕ ಉದ್ಯಮಗಳಲ್ಲಿಯೂ ಸರ್ಕಾರಿ ಬ್ಯಾಂಕುಗಳಲ್ಲಿಯೂ ಅದೇ ವರ್ಗದಲ್ಲಿ ಶೇಕಡ 14.5 ಮೀಸಲಾತಿ ಇದೆ. ಇಂಥ ಹುದ್ದೆಗಳಲ್ಲಿ ವಯಸ್ಸನ್ನು ಎಣಿಸುವ ರೀತಿಯೂ ಬೇರೆ. ನಿಜವಾದ ವಯಸ್ಸಿನಿಂದ ಸೇವೆಯ ವರ್ಷಗಳನ್ನು ಕಳೆದಾಗ ಉಳಿಯುವ ಸಂಖ್ಯೆ, ಹುದ್ದೆಯ ವಯೋಮಿತಿಯನ್ನು 3 ವರ್ಷಕ್ಕಿಂತ ಹೆಚ್ಚು ಮೀರದಿದ್ದರೆ ಸಾಕು. 39ರ ವಯಸ್ಸಿನವನು 19 ವರ್ಷ ಸೇವೆ ಸಲ್ಲಿಸಿದ್ದರೆ ಅವನ ಲೆಕ್ಕದ ವಯಸ್ಸು 20. ‘ನನಗೆ ವಯಸ್ಸಾಯಿತು’ ಎಂದು ಅರ್ಜಿಯನ್ನೇ ಹಾಕದೆ ಕೂರುವವರು ಇದನ್ನು ಗಮನಿಸಬೇಕು. ಹಾಗೆಯೇ ಮೆಟ್ರಿಕ್ ಓದಿ 15 ವರ್ಷ ಸೇವೆ ಸಲ್ಲಿಸಿದವರನ್ನು, ವಿಶೇಷ ತಾಂತ್ರಿಕ ಅರ್ಹತೆ ಬೇಡದ ‘ಸಿ’ ವರ್ಗದ ಕೇಂದ್ರ ಹುದ್ದೆಗಳಿಗೆ ಪದವೀಧರರಂತೆ ಪರಿಗಣಿಸುವ ಏರ್ಪಾಡಿದೆ. ಇಲ್ಲಿ ನಮೂನೆಯ ಪ್ರತಿಯೊಂದು ಕಲಮನ್ನೂ ಕೇಳಿದಂತೆಯೇ ತುಂಬಬೇಕು, ಜಾಣತನ ಸಲ್ಲದು.

ಖಾಸಗಿ ಸಂಸ್ಥೆಯ ಕಾಗದದಲ್ಲಾದರೋ ತಂದೆಯ ಹೆಸರು, ಜಾತಿ, ಮತ, ಮದುವೆಯ ವಿವರ, ಎತ್ತರ, ಎದೆಯ ಸುತ್ತಳತೆ ಯಾವುದೂ ಬೇಡ. ಆ ಜಾಗದಲ್ಲಿ ಕಲಿತ ಕೋರ್ಸುಗಳಿಗೆ ನಾಗರಿಕ ಹೆಸರನ್ನು ಬರೆಯಲಿ. ಸೇನೆಯ ಕಸಬಿಗೆ ಸಮನಾದ ನಾಗರಿಕ ಕಸಬು ಯಾವುದೆಂದು ಡಿಸ್ಚಾರ್ಜ್ ಪುಸ್ತಕದಲ್ಲಿಯೇ ಸೂಚಿಸಿರುವುದುಂಟು. ಅದನ್ನು ಕಪಾಟಿನಲ್ಲಿ ಬೀಗ ಹಾಕಿ ಇಡದೆ ಒಮ್ಮೆ ಬಿಚ್ಚಿ ಓದಬೇಕು. ಸಂದೇಹವಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ವಿಚಾರಿಸಬಹುದು. ಸೇವೆಯಲ್ಲಿರುವಾಗಲೇ ರಕ್ಷಣಾ ಇಲಾಖೆಯ ಪುನರ್ವಸತಿ ಮಹಾನಿರ್ದೇಶನಾಲಯದ ತರಬೇತಿಗಳನ್ನು ಪಡೆಯುವ ಅವಕಾಶವೂ ಉಂಟು. ನಿವೃತ್ತಿಯ ಆದೇಶ ಕೈಗೆ ಬಂದ ಮೇಲೆ ಆಲೋಚಿಸುವುದಕ್ಕಿಂತ ಒಂದು ವರ್ಷ ಮೊದಲೇ ಆಲೋಚಿಸುವುದು ಒಳ್ಳೆಯದು.

ಕೊನೆಯ ತಪ್ಪು ಎಲ್ಲಕ್ಕಿಂತ ದೊಡ್ಡದು. ಅದು ಒಂದೇ ಸಾಲಿನದು: ‘ಯಾವ ಕೆಲಸವಾದರೂ ಸರಿ.’ ವಿನಯದಿಂದಲೋ ಅವಸರದಿಂದಲೋ ಈ ಸಾಲನ್ನು ಬರೆಯುವರು. ಓದುವವನು ಅದನ್ನು ‘ಯಾವ ಕೆಲಸವೂ ಬಾರದು’ ಎಂದು ಓದಿಕೊಳ್ಳುತ್ತಾನೆ. ಸೈನ್ಯದಿಂದ ಬಂದವನಲ್ಲವೇ, ಗೇಟಿನಲ್ಲಿ ನಿಲ್ಲಲಿ ಎಂದು ತೀರ್ಮಾನಿಸುತ್ತಾನೆ. ಕಾವಲಿನ ಕೆಲಸದಲ್ಲಿ ಅವಮಾನವೇನೂ ಇಲ್ಲ. ಅದನ್ನು ಬಯಸಿ ಹೋದವನು ಗೌರವದಿಂದಲೇ ದುಡಿಯುತ್ತಾನೆ. ಆದರೆ ನೂರು ವಾಹನಗಳ ಪಡೆಯನ್ನು ಓಡಿಸಿದವನು, ಹಿಮದಲ್ಲಿ ವೈರ್‌ಲೆಸ್ ಕೆಡದಂತೆ ನೋಡಿಕೊಂಡವನು, ಗಾಯಾಳುಗಳಿಗೆ ಶುಶ್ರೂಷೆ ಮಾಡಿದವನು ಬೇರೆ ದಾರಿ ಕಾಣದೆ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ವಾಹನದ ನಂಬರು ಬರೆದುಕೊಂಡು ಕೂರುವುದು ಅವನಿಗೂ ನಷ್ಟ, ನಾಡಿಗೂ ನಷ್ಟ. ಮಾಡಬಲ್ಲ ಕೆಲಸವನ್ನು ಹೆಸರಿಸಿ ಕೇಳಬೇಕು. ನಾಲ್ಕೇ ವರ್ಷ ಸೇವೆ ಸಲ್ಲಿಸಿದ ತರುಣರಿಗೂ ಈ ಮಾತು ಸಲ್ಲುತ್ತದೆ. ಅವಧಿ ಚಿಕ್ಕದೆಂದು ಅದನ್ನು ಒಂದು ಸಾಲಿನಲ್ಲಿ ಮುಗಿಸಬಾರದು. ಆ ನಾಲ್ಕು ವರ್ಷದಲ್ಲಿ ಕಲಿತದ್ದು ಏನು, ಕೈಯಿಂದ ಮಾಡಿದ್ದು ಏನು ಎಂಬುದನ್ನು ಬಿಡಿಸಿ ಹೇಳಬೇಕು.

ಇಷ್ಟೆಲ್ಲವನ್ನೂ ಇಂಗ್ಲಿಷಿನಲ್ಲಿ ಬರೆಯುವುದು ಹೇಗೆ ಎಂಬ ಅಳುಕು ಅನೇಕರಿಗೆ. ಆ ಅಳುಕಿನಿಂದಲೇ ಅಂಗಡಿಯ ನಮೂನೆಗೆ ಶರಣಾಗುವರು. ಅದಕ್ಕೆ ಉಪಾಯ ಸುಲಭ: ಮೊದಲು ಕನ್ನಡದಲ್ಲಿ ಬರೆಯಿರಿ. ಪೂರ್ತಿ ಕನ್ನಡದಲ್ಲಿ, ಮನೆಮಾತಿನಲ್ಲಿ, ನೀವು ಏನು ಮಾಡುತ್ತಿದ್ದಿರಿ ಎಂಬುದನ್ನು ಬರೆಯಿರಿ. ತಿಳಿಯಾದದ್ದನ್ನು ಇಂಗ್ಲಿಷಿಗೆ ತಿರುಗಿಸುವುದು ಕಷ್ಟವಲ್ಲ. ತಿಳಿಯಾಗದಿರುವುದನ್ನು ನೇರವಾಗಿ ಇಂಗ್ಲಿಷಿನಲ್ಲಿ ಬರೆಯಹೊರಟರೆ ಬಿರುದಾವಳಿಯೇ ಬರುತ್ತದೆ.

ಈ ಕೆಲಸದಲ್ಲಿ ಮನೆಯವರ ಪಾಲು ದೊಡ್ಡದು. ಈ ಪುಟವನ್ನು ಓದುವ ಗೃಹಿಣಿಯರ ಅಣ್ಣನೋ ಭಾವನೋ, ಕಾಲೇಜಿಗೆ ಹೋಗುವ ಹುಡುಗಿಯರ ತಂದೆಯೋ ಚಿಕ್ಕಪ್ಪನೋ ಸೈನ್ಯದಿಂದ ಮರಳಿರಬಹುದು. ಅವರ ಎದುರು ಒಂದು ಸಂಜೆ ಕಾಗದ ಹಿಡಿದು ಕುಳಿತು ಪ್ರಶ್ನೆ ಕೇಳಿ. ‘ಅಪ್ಪಾ, ಬೆಳಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದಿರಿ? ನಿಮ್ಮ ಕೈಕೆಳಗೆ ಎಷ್ಟು ಜನ ಇದ್ದರು? ಸಾಮಾನು ಕಡಿಮೆ ಬಿದ್ದರೆ ಯಾರು ಉತ್ತರ ಹೇಳಬೇಕಾಗಿತ್ತು? ಗಾಡಿ ನಡುದಾರಿಯಲ್ಲಿ ಕೆಟ್ಟರೆ ಏನು ಮಾಡುತ್ತಿದ್ದಿರಿ?’ ಅವರು ‘ಅದೇನು ಮಹಾ, ಎಲ್ಲರೂ ಮಾಡುತ್ತಿದ್ದರು’ ಎನ್ನುವರು. ಬಿಡಬೇಡಿ. ಅವರು ‘ಅದೇನು ಮಹಾ’ ಎಂದ ಕಡೆಯಲ್ಲಿಯೇ ಬರೆಯತಕ್ಕ ಸಂಗತಿ ಇರುತ್ತದೆ. ಅಪರಿಚಿತನಂತೆ ಕೇಳಿ, ಕೇಳಿದ್ದನ್ನು ಹಾಗೆಯೇ ಬರೆದುಕೊಳ್ಳಿ. ಹದಿನೈದು ಇಪ್ಪತ್ತು ವರ್ಷ ಊರಿಂದ ದೂರವಿದ್ದವರ ಬದುಕನ್ನು ಮನೆಯವರು ಮೊದಲ ಬಾರಿಗೆ ಪೂರ್ತಿಯಾಗಿ ಕೇಳಿ ತಿಳಿಯುವುದು ಇದರಿಂದ ಆಗುವ ಇನ್ನೊಂದು ಲಾಭ.

ಬರೆದು ಮುಗಿದ ಮೇಲೆ ಕಾಗದವನ್ನು ಕಂಟೋನ್ಮೆಂಟಿನ ಒಳಗೆ ಕಾಲಿಡದ ಯಾರಾದರೊಬ್ಬರ ಕೈಗೆ ಕೊಡಿ: ಪಕ್ಕದ ಮನೆಯವರಿಗೆ, ಎದುರಿನ ಔಷಧದಂಗಡಿಯವರಿಗೆ. ಓದಿ ಮಡಿಸಿಟ್ಟು, ‘ಇವರು ಇಂಥ ಕೆಲಸ ಮಾಡುತ್ತಿದ್ದರು, ಇಂಥ ಕೆಲಸಕ್ಕೆ ಆಗುತ್ತಾರೆ’ ಎಂದು ಅವರು ತಮ್ಮ ಮಾತಿನಲ್ಲಿ ಹೇಳಬಲ್ಲರಾದರೆ ಅಂಚೆಗೆ ಹಾಕಬಹುದು. ಹೇಳಲಾರದೆ ಹೋದರೆ ತಪ್ಪು ಓದಿದವರದಲ್ಲ, ಇನ್ನೊಮ್ಮೆ ಬರೆಯಿರಿ.